ಎಂಎಲ್‌ಎಸ್ ತಂಡಗಳನ್ನು ಸಾಲಾಗಿ ಸೋಲಿಸಿ ಕಪ್ ಎತ್ತಿದ ರೋಚೆಸ್ಟರ್ ರೈನೋಸ್ ಈಗ ಯಾಕಿಲ್ಲ?

ಗೋಲ್‌ಕಿಕ್ ಗಿರಿ

ಎಲ್ಲರಿಗೂ ನಮಸ್ಕಾರ. ಮೊನ್ನೆ ರಾತ್ರಿ ಇಂಗ್ಲೆಂಡಿನ ಫುಟ್‌ಬಾಲ್ ಆಟಗಾರ ಜೇಮಿ ವಾರ್ಡಿ ಬಗ್ಗೆ ಓದುತ್ತಾ ಕೂತಿದ್ದೆ. ಅವನ ತಂಡ ಲೆಸ್ಟರ್ ಸಿಟಿ 2016ರಲ್ಲಿ ಪ್ರೀಮಿಯರ್ ಲೀಗ್ ಗೆದ್ದಾಗಿನಿಂದ ಆತನ ಮೇಲೆ ನನಗೆ ವಿಶೇಷ ಪ್ರೀತಿ. ಅಲ್ಲಿ ಒಂದು ಸಾಲು ಕಣ್ಣಿಗೆ ಬಿತ್ತು. 2021ರಲ್ಲಿ ಅಮೆರಿಕದ ರೋಚೆಸ್ಟರ್ ರೈನೋಸ್ ಅನ್ನೋ ಕ್ಲಬ್‌ನಲ್ಲಿ ಪಾಲು ತೆಗೆದುಕೊಂಡ ಅಂತ. ಯಾವುದೋ ಸಣ್ಣ ಕ್ಲಬ್ ಇರಬೇಕು ಅಂದುಕೊಂಡು ಹುಡುಕಿದರೆ, ಈ ತಂಡ 1999ರಲ್ಲಿ ಅಮೆರಿಕದ ಎಲ್ಲ ಡಿವಿಷನ್‌ನವರೂ ಆಡಬಹುದಾದ ಯುಎಸ್ ಓಪನ್ ಕಪ್ ಗೆದ್ದಿದೆ! ಅದೂ ಎರಡನೇ ಡಿವಿಷನ್‌ನಲ್ಲಿ ಇದ್ದುಕೊಂಡೇ. ಆಮೇಲೆ ಇವತ್ತಿನವರೆಗೂ ಅಲ್ಲಿನ ಅತಿ ಮೇಲಿನ ಲೀಗ್ ಆದ ಎಂಎಲ್‌ಎಸ್‌ನ ಹೊರಗಿನ ಯಾವ ತಂಡವೂ ಆ ಕಪ್ ಗೆದ್ದಿಲ್ಲ.

ಹಾಗಿದ್ದರೂ ಕ್ಲಬ್ 2023ರಲ್ಲಿ ಮುಚ್ಚಿಹೋಗಿದೆ. ನನಗೆ ಅರ್ಥವಾಗದ್ದು ಇದೇ. ಇಷ್ಟು ಚೆನ್ನಾಗಿ ಆಡಿದ ತಂಡ ಮೇಲಿನ ಲೀಗಿಗೆ ಯಾಕೆ ಹೋಗಲಿಲ್ಲ? ಜನ ಬರುತ್ತಿರಲಿಲ್ವಾ? ದುಡ್ಡಿರಲಿಲ್ವಾ? ಅಮೆರಿಕದಲ್ಲಿ ಇರೋರು, ಅದರಲ್ಲೂ ಆ ಊರು ನೋಡಿದವರು ಯಾರಾದರೂ ಇದ್ದರೆ ದಯವಿಟ್ಟು ಸ್ವಲ್ಪ ಬಿಡಿಸಿ ಹೇಳಿ. ಉದ್ದ ಆದರೂ ಪರವಾಗಿಲ್ಲ, ಪೂರ್ತಿ ಓದುತ್ತೇನೆ.

ಜೆನೆಸೀ ದಡದವನು

ಗಿರಿ ಅವರೇ, ಈ ಹೆಸರು ಕನ್ನಡದಲ್ಲಿ ಓದಿ ಎಷ್ಟು ಖುಷಿಯಾಯ್ತು ಅಂದರೆ ಊಟ ಬಿಟ್ಟು ಬರೆಯಲು ಕೂತೆ. ನಾನು ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್‌ನಲ್ಲಿ, ಆರ್‌ಐಟಿ ಅನ್ನೋ ವಿಶ್ವವಿದ್ಯಾಲಯದಲ್ಲಿ ಎಂಎಸ್ ಮಾಡಿದವನು. 2008ರಿಂದ 2010ರವರೆಗೆ ಅಲ್ಲೇ ಇದ್ದೆ. ಚಳಿಗಾಲದಲ್ಲಿ ಆ ಊರಿನಲ್ಲಿ ಮನೆಯಿಂದ ಹೊರಗೆ ಕಾಲಿಡೋದೇ ಕಷ್ಟ. ಬೇಸಿಗೆ ಬಂತು ಅಂದರೆ ನಮಗೆ ಇದ್ದ ದೊಡ್ಡ ಸಂತೋಷ ಶನಿವಾರ ಸಂಜೆಯ ರೈನೋಸ್ ಆಟ.

ಮೊದಲು ಜನರ ವಿಷಯ ಹೇಳುತ್ತೇನೆ, ಯಾಕೆಂದರೆ ನಿಮ್ಮ ಊಹೆ ಅಲ್ಲಿ ತಪ್ಪು. ತಂಡ ಶುರುವಾಗಿದ್ದು 1996ರಲ್ಲಿ, ಎಂಎಲ್‌ಎಸ್ ಶುರುವಾದ ವರ್ಷವೇ. ಆಗ ಹೆಸರು ರೇಜಿಂಗ್ ರೈನೋಸ್, ರೊಚ್ಚಿಗೆದ್ದ ಘೇಂಡಾಮೃಗಗಳು. ಆಡುತ್ತಿದ್ದದ್ದು ಫ್ರಾಂಟಿಯರ್ ಫೀಲ್ಡ್‌ನಲ್ಲಿ. ಅದು ಊರಿನ ಬೇಸ್‌ಬಾಲ್ ತಂಡಕ್ಕೆಂದು ಹೊಸದಾಗಿ ಕಟ್ಟಿದ ಸ್ಟೇಡಿಯಂ, ಆದರೆ ಅಲ್ಲಿ ಮೊದಲು ಆಡಿದ್ದು ಬೇಸ್‌ಬಾಲ್‌ನವರಲ್ಲ, ನಮ್ಮ ರೈನೋಸ್. ಮೊದಲ ವರ್ಷವೇ ಓಪನ್ ಕಪ್‌ನಲ್ಲಿ ಟ್ಯಾಂಪಾ ಬೇ ಮ್ಯೂಟಿನಿಯನ್ನು ಹೊಡೆದರು. ಆ ವರ್ಷ ಎಂಎಲ್‌ಎಸ್‌ನ ಲೀಗ್ ಹಂತದಲ್ಲಿ ಮೊದಲ ಸ್ಥಾನ ಪಡೆದಿದ್ದೇ ಮ್ಯೂಟಿನಿ! ಆಮೇಲೆ ಕೊಲರಾಡೊ ರ‍್ಯಾಪಿಡ್ಸ್ ತಂಡವನ್ನೂ ಸೋಲಿಸಿ ಫೈನಲ್‌ಗೆ ಹೋಗಿ ಡಿ.ಸಿ. ಯುನೈಟೆಡ್ ಎದುರು 3-0 ಅಂತ ಸೋತರು.

ಇಂಥ ತಂಡಕ್ಕೆ ಜನ ಬರದೆ ಇರುತ್ತಾರಾ? ತೊಂಬತ್ತರ ದಶಕದ ಕೊನೆಯಲ್ಲಿ ಪ್ರತಿ ಆಟಕ್ಕೆ ಸರಾಸರಿ ಹತ್ತು ಸಾವಿರಕ್ಕಿಂತ ಜಾಸ್ತಿ ಜನ. ಅದೇ ಹೊತ್ತಿನಲ್ಲಿ ಎಂಎಲ್‌ಎಸ್‌ನ ಕೆಲವು ತಂಡಗಳಿಗೆ ಅಷ್ಟು ಜನ ಬರುತ್ತಿರಲಿಲ್ಲ. ಎರಡು ಲಕ್ಷದ ಆಸುಪಾಸು ಜನ ಇರುವ ಊರು ಅದು, ನೆನಪಿರಲಿ. ಎ-ಲೀಗ್ ಅಂತ ಕರೆಯುತ್ತಿದ್ದ ಎರಡನೇ ಡಿವಿಷನ್ ಅನ್ನು 1998, 2000, 2001ರಲ್ಲಿ ಗೆದ್ದರು.

ಮಧ್ಯೆ 1999. ಆ ವರ್ಷ ಕಪ್‌ನಲ್ಲಿ ಸಾಲಾಗಿ ಶಿಕಾಗೊ ಫೈರ್, ಡಲ್ಲಾಸ್ ಬರ್ನ್, ಕೊಲಂಬಸ್ ಕ್ರೂ ಮೂರನ್ನೂ ಮನೆಗೆ ಕಳಿಸಿದರು. ಶಿಕಾಗೊ ಹಿಂದಿನ ವರ್ಷ ಎಂಎಲ್‌ಎಸ್ ಕಪ್, ಓಪನ್ ಕಪ್ ಎರಡನ್ನೂ ಗೆದ್ದ ತಂಡ. ಫೈನಲ್‌ನಲ್ಲಿ ಮತ್ತೆ ಕೊಲರಾಡೊ. ಸೆಪ್ಟೆಂಬರ್ 14, ಮಂಗಳವಾರ ರಾತ್ರಿ, ಓಹಾಯೊದ ಕೊಲಂಬಸ್‌ನಲ್ಲಿ. 66ನೇ ನಿಮಿಷಕ್ಕೆ ಡಗ್ ಮಿಲ್ಲರ್ ಒಂದು ಗೋಲ್, ಆಟ ಮುಗಿಯುವ ಹೊತ್ತಿಗೆ ಯಾರಿ ಆಲ್‌ನಟ್ ಇನ್ನೊಂದು. 2-0. ಕೋಚ್ ಪ್ಯಾಟ್ ಎರ್ಕೋಲಿ. ನಾಲ್ಕು ಎಂಎಲ್‌ಎಸ್ ತಂಡಗಳನ್ನು ಒಂದಾದ ಮೇಲೊಂದರಂತೆ ಸೋಲಿಸಿ ಎತ್ತಿದ ಕಪ್ ಅದು. ಸುಮ್ನೆ ಒಂದು ಸಂಜೆ ಅದೃಷ್ಟ ಕೈ ಹಿಡಿದದ್ದಲ್ಲ.

ಮೇಲೆ ಯಾಕೆ ಹೋಗಲಿಲ್ಲ ಅನ್ನೋದಕ್ಕೆ ಉತ್ತರ ಸ್ಟೇಡಿಯಂನಲ್ಲಿದೆ. ಮಗಳು ಕರೆಯುತ್ತಿದ್ದಾಳೆ, ರಾತ್ರಿ ಬಂದು ಮುಂದುವರಿಸುತ್ತೇನೆ.

ಥ್ರೋ ಇನ್ ತಿಮ್ಮಣ್ಣ

ಅವರು ಬರುವಷ್ಟರಲ್ಲಿ ಲೀಗಿನ ವಿಷಯ ನಾನು ಹೇಳಿಬಿಡುತ್ತೇನೆ. ಗಿರಿ, ನೀವು ಇಂಗ್ಲೆಂಡಿನ ಲೆಕ್ಕ ಹಾಕುತ್ತಿದ್ದೀರಿ. ಅಲ್ಲಿ ಕೆಳಗಿನ ಡಿವಿಷನ್ ಗೆದ್ದರೆ ಮೇಲಕ್ಕೆ ಹೋಗಬಹುದು, ಸೋತರೆ ಕೆಳಗೆ. ವಾರ್ಡಿ ಕೂಡ ಸ್ಟಾಕ್ಸ್‌ಬ್ರಿಜ್ ಥರದ ಪುಟ್ಟ ಕ್ಲಬ್‌ನಿಂದ ಮೇಲೆ ಬಂದವನು. ಅಮೆರಿಕದಲ್ಲಿ ಆ ಏಣಿಯೇ ಇಲ್ಲ. ಎಂಎಲ್‌ಎಸ್‌ಗೆ ಸೇರಬೇಕು ಅಂದರೆ ಗೆಲ್ಲಬೇಕಾಗಿಲ್ಲ, ಕೊಂಡುಕೊಳ್ಳಬೇಕು. ಶ್ರೀಮಂತ ಮಾಲೀಕ ಬೇಕು, ದೊಡ್ಡ ಟಿವಿ ಮಾರುಕಟ್ಟೆ ಬೇಕು, ಸ್ವಂತ ಸ್ಟೇಡಿಯಂ ಬೇಕು, ಮೇಲೆ ಪ್ರವೇಶ ಶುಲ್ಕ ಕಟ್ಟಬೇಕು. ಆ ಶುಲ್ಕ ಎಲ್ಲಿಗೆ ಹೋಗಿದೆ ನೋಡಿ. 2019ರಲ್ಲಿ ಶಾರ್ಲಟ್ 325 ಮಿಲಿಯನ್ ಡಾಲರ್, 2023ರಲ್ಲಿ ಸ್ಯಾನ್ ಡಿಯೇಗೊ 500 ಮಿಲಿಯನ್.

ನಮ್ಮ ಐ-ಲೀಗ್ ನೋಡಿದವರಿಗೆ ಈ ನೋವು ಚೆನ್ನಾಗಿ ಗೊತ್ತು. 2023ರಲ್ಲಿ ಪಂಜಾಬ್ ತಂಡ ದೇಶದ ಅತಿ ಮೇಲಿನ ಲೀಗ್ ಆದ ಐಎಸ್‌ಎಲ್‌ಗೆ ಹೋಗುವವರೆಗೂ ಐ-ಲೀಗ್ ಗೆದ್ದ ಮಾತ್ರಕ್ಕೆ ಯಾರೂ ಮೇಲೆ ಹೋಗಿರಲಿಲ್ಲ. ಐಜ್ವಾಲ್ 2017ರಲ್ಲಿ ಚಾಂಪಿಯನ್ ಆಯ್ತು, ಅದಕ್ಕೆ ಐಎಸ್‌ಎಲ್ ಬಾಗಿಲು ತೆರೆಯಲಿಲ್ಲ.

ಓಪನ್ ಕಪ್ ಒಂದೇ ಅಲ್ಲಿ ಎಲ್ಲರಿಗೂ ತೆರೆದ ಬಾಗಿಲು. 1914ರಿಂದ ನಡೆದುಕೊಂಡು ಬಂದ ಟೂರ್ನಿ. ಅದರಲ್ಲೂ ಕೆಳಗಿನ ಡಿವಿಷನ್‌ನವರಿಗೆ ಫೈನಲ್ ಮುಟ್ಟೋದೇ ದೊಡ್ಡ ವಿಷಯ. 2008ರಲ್ಲಿ ಚಾರ್ಲ್ಸ್‌ಟನ್ ಬ್ಯಾಟರಿ ಮುಟ್ಟಿತು, ಸೋತಿತು. 2022ರಲ್ಲಿ ಸ್ಯಾಕ್ರಮೆಂಟೊ ರಿಪಬ್ಲಿಕ್ ಮುಟ್ಟಿತು, ಒರ್ಲ್ಯಾಂಡೊ ಎದುರು 3-0 ಸೋತಿತು. ಹಾಗಾಗಿ ರೈನೋಸ್ ಮಾಡಿದ್ದು ಎಷ್ಟು ದೊಡ್ಡ ಕೆಲಸ ಅನ್ನೋದು ವರ್ಷ ಕಳೆದ ಹಾಗೆಲ್ಲ ಇನ್ನೂ ಚೆನ್ನಾಗಿ ಗೊತ್ತಾಗುತ್ತಿದೆ.

ಜೆನೆಸೀ ದಡದವನು

ತಿಮ್ಮಣ್ಣ ಸರ್, ಥ್ಯಾಂಕ್ಸ್. ಅಲ್ಲಿಂದಲೇ ಮುಂದುವರಿಸುತ್ತೇನೆ.

ಎಂಎಲ್‌ಎಸ್ ನಮ್ಮನ್ನು ಕರೆಯುತ್ತದೆ ಅನ್ನೋ ಆಸೆ ಊರಿಗೆಲ್ಲ ಇತ್ತು. ಅದಕ್ಕೆ ಫುಟ್‌ಬಾಲ್‌ಗೇ ಅಂತ ಒಂದು ಸ್ಟೇಡಿಯಂ ಬೇಕು ಅಂತ ಓಕ್ ಸ್ಟ್ರೀಟ್‌ನಲ್ಲಿ ಕಟ್ಟಿದರು. ಸರ್ಕಾರದ ದುಡ್ಡೂ ಅದಕ್ಕೆ ಹೋಯ್ತು. ಕೆಲಸ ಎಳೆದು ಎಳೆದು ಕೊನೆಗೆ 2006ರ ಜೂನ್‌ನಲ್ಲಿ ಪೇಟೆಕ್ ಪಾರ್ಕ್ ಅನ್ನೋ ಹೆಸರಲ್ಲಿ ಬಾಗಿಲು ತೆರೆಯಿತು. ಅಷ್ಟರಲ್ಲಿ ಹೊತ್ತು ಮೀರಿತ್ತು. ಎಂಎಲ್‌ಎಸ್ 2005ಕ್ಕೆ ಸಾಲ್ಟ್ ಲೇಕ್‌ಗೆ ತಂಡ ಕೊಟ್ಟಾಗಿತ್ತು, 2007ಕ್ಕೆ ಒಂಟಾರಿಯೊ ಕೆರೆಯ ಆಚೆ ದಡದ ಟೊರಾಂಟೊಗೆ ಕೊಟ್ಟಿತು. ನಮಗೆ ಕರೆ ಬರಲೇ ಇಲ್ಲ. ಸಾಲ ಮಾತ್ರ ಉಳಿಯಿತು. 2008ರ ಶುರುವಿನಲ್ಲಿ ಹಳೆಯ ಮಾಲೀಕರ ಕೈಯಿಂದ ತಂಡವೂ ಹೋಯ್ತು, ಸ್ಟೇಡಿಯಂ ಕೂಡ ಹೋಯ್ತು.

ನಾನು ಅಲ್ಲಿಗೆ ಹೋಗಿ ಇಳಿದದ್ದು ಅದೇ ವರ್ಷ. ಹೊಸ ಮಾಲೀಕ ಬಂದಿದ್ದರು, ತಂಡ ಆಡುತ್ತಲೇ ಇತ್ತು. ಆದರೆ ಸೀಟುಗಳ ಮಧ್ಯೆ ಖಾಲಿ ಜಾಗ ಕಣ್ಣಿಗೆ ರಾಚುತ್ತಿತ್ತು. ಬೇಸಿಗೆ ಸಂಜೆ ಏಳೂವರೆಗೂ ಬಿಸಿಲು ಇರುತ್ತದೆ ಅಲ್ಲಿ, ಆ ಹಸಿರು ಹುಲ್ಲಿನ ಮೇಲೆ ಆಟಗಾರರ ನೆರಳು ಉದ್ದಕ್ಕೆ ಬೀಳುತ್ತಿತ್ತು, ದೂರದಲ್ಲಿ ಕ್ಯಾಮೆರಾ ಫಿಲ್ಮ್ ಕಂಪನಿ ಕೊಡ್ಯಾಕ್‌ನ ಕಟ್ಟಡದ ತುದಿ. ನಮ್ಮ ಸಾಲಿನಲ್ಲೇ ಕೂರುತ್ತಿದ್ದ ಒಬ್ಬ ಅಜ್ಜ ಇದ್ದರು. ಕೊಡ್ಯಾಕ್‌ನಲ್ಲಿ ಕೆಲಸ ಮಾಡಿ ರಿಟೈರ್ ಆದವರು. ಒಂದು ದಿನ ಹಾಫ್‌ಟೈಮ್‌ನಲ್ಲಿ ಪರ್ಸ್ ತೆಗೆದು ಮಡಿಚಿದ ಟಿಕೆಟ್ ಚೂರೊಂದನ್ನು ನನ್ನ ಕೈಗೆ ಕೊಟ್ಟರು. 1999ರ ಫೈನಲ್‌ದು. ಮಡಿಕೆಯ ಗೆರೆಯಲ್ಲಿ ಅಕ್ಷರ ಅಳಿಸಿಹೋಗಿತ್ತು. ಬೆಳಿಗ್ಗೆ ಹೊರಟು ಆರು ಗಂಟೆ ಕಾರು ಓಡಿಸಿ ಕೊಲಂಬಸ್‌ಗೆ ಹೋಗಿದ್ದರಂತೆ, ಆಟ ಮುಗಿದ ಮೇಲೆ ರಾತ್ರಿಯೇ ವಾಪಸ್. ಆ ಫೈನಲ್‌ಗೆ ಐದು ಸಾವಿರ ಜನರೂ ಬಂದಿರಲಿಲ್ಲ. ಅದರಲ್ಲಿ ಒಬ್ಬರು ನನ್ನ ಪಕ್ಕ ಕೂತಿದ್ದಾರೆ ಅನ್ನೋದು ನನಗೆ ಎಷ್ಟು ದೊಡ್ಡದಾಗಿ ಕಂಡಿತು ಅಂತ ಹೇಳಲಾರೆ.

2009ರಲ್ಲಿ ಮತ್ತೆ ಒಂದು ಆಸೆ ಚಿಗುರಿತು. ಕಪ್‌ನಲ್ಲಿ ನಮ್ಮೆದುರು ನ್ಯೂ ಇಂಗ್ಲೆಂಡ್ ಸೋತಿತು, ಕೊಲಂಬಸ್ ಸೋತಿತು. ಸೆಮಿಫೈನಲ್‌ನಲ್ಲಿ ಡಿ.ಸಿ. ಯುನೈಟೆಡ್ ತಡೆಯಿತು. ಅವತ್ತು ರಾತ್ರಿ ನಮ್ಮ ಮನೆಯಲ್ಲಿ ಯಾರೂ ಮಾತಾಡಲಿಲ್ಲ.

ಮಂಗಳಾ, ಬಫಲೋ

ನಾನು ಬಫಲೋದಲ್ಲಿ ಇರುವುದು, ರೋಚೆಸ್ಟರ್‌ಗೆ ಕಾರಿನಲ್ಲಿ ಒಂದೂಕಾಲು ಗಂಟೆ. ಒಂದು ಮಾತಿಗೆ ಮಾತ್ರ ನನ್ನ ಒಪ್ಪಿಗೆ ಇಲ್ಲ. ಎಲ್ಲ ತಪ್ಪನ್ನೂ ಎಂಎಲ್‌ಎಸ್ ಮೇಲೆ ಹಾಕಿದರೆ ಕಥೆ ಅರ್ಧ ಆಗುತ್ತದೆ. ಊರಿನ ಸ್ಥಿತಿಯನ್ನೂ ನೋಡಬೇಕು. 1982ರ ಹೊತ್ತಿಗೆ ಕೊಡ್ಯಾಕ್ ಒಂದೇ ರೋಚೆಸ್ಟರ್‌ನಲ್ಲಿ ಅರವತ್ತು ಸಾವಿರ ಜನಕ್ಕೆ ಕೆಲಸ ಕೊಟ್ಟಿತ್ತು. 2012ರಲ್ಲಿ ಅದೇ ಕಂಪನಿ ದಿವಾಳಿ ಅರ್ಜಿ ಹಾಕಿತು. ಇಂಥ ಊರಿನಲ್ಲಿ ಸೀಸನ್ ಟಿಕೆಟ್ ಕೊಳ್ಳೋರು, ಜಾಹೀರಾತು ಕೊಡೋರು ಕಡಿಮೆ ಆಗುತ್ತಾ ಹೋದರು ಅನ್ನೋದರಲ್ಲಿ ಆಶ್ಚರ್ಯ ಇಲ್ಲ ಅಲ್ವಾ?

ಸ್ಟೇಡಿಯಂ ಹೆಸರನ್ನೇ ನೋಡಿ. ಪೇಟೆಕ್ ಪಾರ್ಕ್, ಆಮೇಲೆ ಮರೀನಾ ಆಟೋ, ಆಮೇಲೆ ಸಾಲೆನ್ಸ್ (ಅದು ನಮ್ಮ ಬಫಲೋದ ಹಾಟ್‌ಡಾಗ್ ಕಂಪನಿ), ಆಮೇಲೆ ಕಪೆಲ್ಲಿ. ಬೋರ್ಡ್ ಬರೆಯೋರಿಗೆ ಬಿಡುವೇ ಇರಲಿಲ್ಲ. ಫುಟ್‌ಬಾಲ್ ಮಾತ್ರ ಕೊನೆಯವರೆಗೂ ಚೆನ್ನಾಗೇ ಇತ್ತು. 2015ರಲ್ಲಿ ಬಾಬ್ ಲಿಲ್ಲಿ ಕೋಚ್ ಆಗಿದ್ದಾಗ ಲೀಗಿನ 28 ಆಟಗಳಲ್ಲಿ ಸೋತಿದ್ದು ಒಂದೇ ಒಂದು! ಫೈನಲ್‌ನಲ್ಲಿ ಲಾಸ್ ಏಂಜಲೀಸ್ ಗ್ಯಾಲಕ್ಸಿಯ ಎರಡನೇ ತಂಡವನ್ನು ಎಕ್ಸ್‌ಟ್ರಾ ಟೈಮ್‌ನಲ್ಲಿ 2-1ರಿಂದ ಸೋಲಿಸಿ, ಆಗ ಆಡುತ್ತಿದ್ದ ಯುಎಸ್‌ಎಲ್ ಅನ್ನೋ ಲೀಗಿನ ಚಾಂಪಿಯನ್ ಆದರು. ಎರಡು ವರ್ಷ ಕಳೆದು, 2017ರ ನವೆಂಬರ್ ಕೊನೆಯಲ್ಲಿ, ಮುಂದಿನ ಸೀಸನ್ ಆಡುವುದಿಲ್ಲ ಅಂತ ಹೇಳಿದರು. ನನ್ನ ದೊಡ್ಡ ಮಗ ಅವರ ಹಸಿರು ಹಳದಿ ಸ್ಕಾರ್ಫ್ ಇಟ್ಟುಕೊಂಡಿದ್ದ, ಸುದ್ದಿ ಕೇಳಿ ಅದನ್ನು ತಂದು ನನ್ನ ಮಡಿಲಲ್ಲಿ ಹಾಕಿ ಸುಮ್ಮನೆ ಹೋದ.

ಗೋಲ್‌ಕಿಕ್ ಗಿರಿ

ಮಂಗಳಾ ಮೇಡಂ, ಓದಿ ಮನಸ್ಸು ಭಾರವಾಯ್ತು. ಹಾಗಾದರೆ ವಾರ್ಡಿ ಬಂದಿದ್ದು ತಂಡ ಆಡದೆ ನಿಂತಿದ್ದಾಗ. ಆಮೇಲೆ ಏನಾಯ್ತು?

ಥ್ರೋ ಇನ್ ತಿಮ್ಮಣ್ಣ

ಹೌದು, ನಿಂತೇ ಮೂರು ವರ್ಷ ದಾಟಿತ್ತು. 2016ರಲ್ಲಿ ಕ್ಲಬ್ ಕೊಂಡಿದ್ದ ಡ್ವೋರ್ಕಿನ್ ದಂಪತಿ ಜೊತೆಗೆ ವಾರ್ಡಿ ಸೇರಿಕೊಂಡ. 2021ರ ಕೊನೆಗೆ ಹೆಸರು ಬದಲಾಯಿಸಿ ರೋಚೆಸ್ಟರ್ ನ್ಯೂಯಾರ್ಕ್ ಎಫ್‌ಸಿ ಅಂತ ಮಾಡಿದರು. ನನಗೆ ಅದು ಸರಿ ಅನ್ನಿಸಲಿಲ್ಲ. ಜನ ಇಪ್ಪತ್ತು ವರ್ಷ ಕೂಗಿದ ಹೆಸರು ರೈನೋಸ್. ಮೈದಾನಕ್ಕೆ ವಾಪಸ್ ಬರುವಾಗ ಆ ಹೆಸರನ್ನೇ ಮನೆಯಲ್ಲಿ ಬಿಟ್ಟು ಬಂದ ಹಾಗಾಯ್ತು.

2022ರಲ್ಲಿ ಎಂಎಲ್‌ಎಸ್ ನೆಕ್ಸ್ಟ್ ಪ್ರೋ ಅನ್ನೋ ಹೊಸ ಮೂರನೇ ಡಿವಿಷನ್‌ನಲ್ಲಿ ಆಡಿದರು. ಒಟ್ಟು 21 ತಂಡ. ಅದರಲ್ಲಿ 20 ತಂಡಗಳು ಎಂಎಲ್‌ಎಸ್ ಕ್ಲಬ್‌ಗಳ ಎರಡನೇ ತಂಡಗಳು, ಸ್ವತಂತ್ರವಾಗಿ ನಿಂತಿದ್ದು ಇವರೊಬ್ಬರೇ. ಎದುರಾಳಿಗಳ ಖರ್ಚಿಗೆ ಹಿಂದೆ ದೊಡ್ಡ ಕ್ಲಬ್ ಇದೆ. ಇವರಿಗೆ ಗೇಟಿನ ದುಡ್ಡು, ಮಾಲೀಕರ ಜೇಬು ಅಷ್ಟೇ. ಒಂದು ಸೀಸನ್ ಆಡಿ 2023ರ ಮಾರ್ಚ್‌ನಲ್ಲಿ ಮುಚ್ಚಿದರು.

ಇನ್ನೊಂದು ವಿಷಯ. 2025ರ ಮಾರ್ಚ್‌ನಲ್ಲಿ ಯುಎಸ್‌ಎಲ್ ಕ್ಲಬ್‌ಗಳ ಮಾಲೀಕರು ತಮ್ಮ ಡಿವಿಷನ್‌ಗಳ ನಡುವೆ ಬಡ್ತಿ, ಹಿಂಬಡ್ತಿ ತರಲು ಮತ ಹಾಕಿದ್ದಾರೆ. ಗೆದ್ದವರು ಮೇಲೆ, ಸೋತವರು ಕೆಳಗೆ. ರೈನೋಸ್ ಹದಿನೈದು ಸೀಸನ್‌ಗಿಂತ ಜಾಸ್ತಿ ಆಡಿದ್ದು ಇದೇ ಯುಎಸ್‌ಎಲ್ ಮನೆಯ ಲೀಗುಗಳಲ್ಲಿ. ಮಾತು ಬಂದಿದ್ದು ಅವರು ಹೋದ ಎರಡು ವರ್ಷಕ್ಕೆ.

ಹಳೇ ಬೂಟು

ಆ ಊರಿನ ಫುಟ್‌ಬಾಲ್ ಹುಚ್ಚು ರೈನೋಸ್‌ನಿಂದ ಶುರುವಾದದ್ದಲ್ಲ, ಅದನ್ನೂ ಒಂಚೂರು ಸೇರಿಸುತ್ತೇನೆ. ಅದಕ್ಕೆ ಮೊದಲು ರೋಚೆಸ್ಟರ್ ಲ್ಯಾನ್ಸರ್ಸ್ ಇತ್ತು. 1970ರಲ್ಲಿ ಆಗಿನ ಅಮೆರಿಕದ ಅತಿ ಮೇಲಿನ ಲೀಗ್ ಆದ ಎನ್‌ಎಎಸ್‌ಎಲ್ ಚಾಂಪಿಯನ್. ಮರುವರ್ಷ ಸೆಪ್ಟೆಂಬರ್ 1ರಂದು ಡಲ್ಲಾಸ್ ಟೊರ್ನಾಡೊ ಜೊತೆ ಪ್ಲೇಆಫ್ ಸರಣಿಯ ಆಟ. ಸಮಬಲ ಆದರೆ ಒಬ್ಬರು ಗೋಲ್ ಹೊಡೆಯುವವರೆಗೂ ಆಡಬೇಕು ಅನ್ನೋ ನಿಯಮ. ಆಡಿದರು, ಆಡಿದರು, ಆಡುತ್ತಲೇ ಇದ್ದರು. 176ನೇ ನಿಮಿಷದಲ್ಲಿ ಕಾರ್ಲೋಸ್ ಮೆಟಿಡಿಯೇರಿ ಗೋಲ್ ಹೊಡೆದು 2-1 ಮಾಡಿದ. ಹೆಚ್ಚುಕಡಿಮೆ ಎರಡು ಪೂರ್ತಿ ಆಟ ಒಂದೇ ರಾತ್ರಿಯಲ್ಲಿ. ಆ ಸರಣಿಯನ್ನು ಕೊನೆಗೆ ಡಲ್ಲಾಸ್ ಗೆದ್ದಿತು ಅನ್ನೋದು ಬೇರೆ ಮಾತು.

ಲ್ಯಾನ್ಸರ್ಸ್ ಎನ್‌ಎಎಸ್‌ಎಲ್‌ನಿಂದ ಹೋಗಿದ್ದು 1980ರಲ್ಲಿ. ರೈನೋಸ್ ಬಂದಿದ್ದು 1996ರಲ್ಲಿ. ಮಧ್ಯೆ ಹದಿನಾರು ವರ್ಷ.

ಜೆನೆಸೀ ದಡದವನು

ಹಳೇ ಬೂಟು ಸರ್, ಆ 176 ನಿಮಿಷದ ಕಥೆಯನ್ನು ನನಗೆ ಮೊದಲು ಹೇಳಿದ್ದೂ ಅದೇ ಅಜ್ಜ! ಓಕ್ ಸ್ಟ್ರೀಟ್‌ನ ಸ್ಟೇಡಿಯಂ ಈಗಲೂ ನಿಂತಿದೆ ಗಿರಿ. ಮುಂದಿನ ಬೇಸಿಗೆಗೆ ಮಗಳನ್ನು ಕರೆದುಕೊಂಡು ಆ ಕಡೆ ಹೋಗುವ ಯೋಚನೆ ಇದೆ. ನಾವು ಕೂರುತ್ತಿದ್ದ ಜಾಗದ ಫೋಟೊ ತೆಗೆದು ಇಲ್ಲಿ ಹಾಕುತ್ತೇನೆ.

ಗೋಲ್‌ಕಿಕ್ ಗಿರಿ

ಖಂಡಿತ ಹಾಕಿ. ಮಂಗಳಾ ಮೇಡಂ, ಮಗನ ಆ ಸ್ಕಾರ್ಫ್ ಇನ್ನೂ ಇದೆಯಾ?

ಮಂಗಳಾ, ಬಫಲೋ

ಇದೆ. ಅವನ ಬೀರುವಿನ ಮೇಲಿನ ಅರೆಯಲ್ಲಿ, ಒಗೆದು ಮಡಿಚಿ ಇಟ್ಟಿದ್ದೇನೆ.