ತಲೆಗೆ ಪೆಟ್ಟಾದ ಮೇಲೆ ಬೆಳಕು ತಡೆಯೋಕಾಗ್ತಿಲ್ಲ, ಮನೇಲಿ ಏನೇನು ಬದಲಾಯಿಸಬೇಕು?

ಹರಿಹರದ_ಅಕ್ಕ:
ತಮ್ಮ (19) ಗಾಡಿಯಿಂದ ಬಿದ್ದು ಮೂರು ವಾರ ಆಯ್ತು. ಸಿಟಿ ಸ್ಕ್ಯಾನ್ ನಾರ್ಮಲ್, ಕನ್ಕಷನ್ (ತಲೆ ಅದುರಿ ಮೆದುಳಿಗಾಗೋ ಸಣ್ಣ ಪೆಟ್ಟು) ಅಂದ್ರು. ಈಗ ಟ್ಯೂಬ್‌ಲೈಟ್ ಹಾಕಿದ್ರೆ ಹಣೆ ಹಿಡ್ಕೊಂಡು ಕೂರ್ತಾನೆ. ಕಿಟಕಿಗೆ ಬೆಡ್‌ಶೀಟ್ ಕಟ್ಟಿದೀವಿ, ಮನೆಯೊಳಗೂ ಕೂಲಿಂಗ್ ಗ್ಲಾಸ್. ಆದ್ರೂ ದಿನದಿಂದ ದಿನಕ್ಕೆ ಜಾಸ್ತಿನೇ ಆಗ್ತಿದೆ. ಬರೋ ತಿಂಗಳಿಂದ ದಾವಣಗೆರೆಗೆ ಬಸ್ಸಲ್ಲಿ ಕಾಲೇಜಿಗೆ ಹೋಗ್ಬೇಕು.

ಕನ್ನಡಕದಂಗಡಿ:
ಅಕ್ಕಾರೆ, ಜಾಸ್ತಿ ಆಗ್ತಿರೋದು ಆ ಗ್ಲಾಸಿಂದಲೂ ಇರಬಹುದು. ಕತ್ತಲಿಗೆ ಒಗ್ಗಿದ ಕಣ್ಣಿಗೆ ಜೀರೋ ಬಲ್ಬೂ ಚುಚ್ಚುತ್ತೆ. ಮ್ಯಾಟಿನಿ ಬಿಟ್ಟು ಹೊರಗೆ ಬಂದಾಗ ಆಗೋದೇ ಇದು, ಅವನಿಗೆ ಇಡೀ ದಿನ. ಮಂದ ಬೆಳಕಲ್ಲಿ ವಿಶ್ರಾಂತಿ ಮೊದಲ 24–48 ಗಂಟೆಗೆ ಸರಿ, ಮೂರು ವಾರಕ್ಕಲ್ಲ.

ಹಾಗಂತ ಒಂದೇ ಸಲ ಕಿತ್ತು ಹಾಕಬೇಡಿ. ಬೆಡ್‌ಶೀಟ್ ಬದಲು ತೆಳು ಕಾಟನ್ ಪರದೆ, ಕಿಟಕಿಗೆ ಬೆನ್ನು ಹಾಕಿ ಕೂರಲಿ. ದಿನಕ್ಕೆ ನಾಲ್ಕು ಸಲ, ಹತ್ತತ್ತು ನಿಮಿಷ ಗ್ಲಾಸ್ ತೆಗೀಲಿ. ತಲೆನೋವಿಗೆ ಹತ್ತರಲ್ಲಿ ಎಷ್ಟು ಅಂತ ಮೊದಲೇ ಅಂಕ ಕೇಳಿ ಇಟ್ಕೊಳ್ಳಿ. ಎರಡು ಅಂಕದೊಳಗೆ ಏರಿ ಒಂದು ಗಂಟೆಯೊಳಗೆ ಇಳಿದ್ರೆ ಪರವಾಗಿಲ್ಲ, ಎರಡು ದಿನಕ್ಕೊಮ್ಮೆ ಐದು ನಿಮಿಷ ಸೇರಿಸಿ. ಅದಕ್ಕಿಂತ ಏರಿದ್ರೆ ಹಿಂದಿನ ಹಂತಕ್ಕೆ ಬನ್ನಿ.

ಹೊರಗೆ ಬಿಸಿಲಲ್ಲಿ ಕೂಲಿಂಗ್ ಗ್ಲಾಸ್ ಇರಲಿ, ಮೇಲೆ ಮುಂಚಾಚಿರೋ ಟೋಪಿ. ಮನೆಯೊಳಗೆ ಬೇಕೇ ಬೇಕು ಅಂದ್ರೆ ಎಫ್‌ಎಲ್-41 ಅನ್ನೋ ಗುಲಾಬಿ ಟಿಂಟ್ ಕೇಳಿ. ನೋವಿನ ನರಗಳನ್ನು ಕೆಣಕೋ 480 ನ್ಯಾನೋಮೀಟರ್ ಆಸುಪಾಸಿನ ನೀಲಿ ಬೆಳಕನ್ನು ಅದು ತಡೆಯುತ್ತೆ. ಅಂಗಡಿಯವರು ಅದರ ಬದಲು 'ಬ್ಲೂ ಕಟ್' ಕೊಟ್ರೆ ಒಪ್ಪಬೇಡಿ. ಬಿಳಿ ಬ್ಲೂ ಕಟ್ ಲೆನ್ಸ್ ಹೆಚ್ಚಾಗಿ ಹಿಡಿಯೋದು ಅದಕ್ಕಿಂತ ಕೆಳಗಿನ ನೇರಳೆ ಕಡೆಯದನ್ನ.

ವೈರ್‌ಮನ್_ದಾವಣಗೆರೆ:
ಹಳೇ ಚೋಕ್ ಟ್ಯೂಬಾ? ಹಂಗಾದ್ರೆ ಮೊದಲು ಅದನ್ನ ಬಿಚ್ಚಿ. ನಮ್ಮ ಕರೆಂಟು 50 ಹರ್ಟ್ಜ್, ಚೋಕ್ ಟ್ಯೂಬು ಸೆಕೆಂಡಿಗೆ 100 ಸಲ ಮಿಣುಕುತ್ತೆ. ಕಣ್ಣಿಗೆ ಕಾಣಲ್ಲ, ಪೆಟ್ಟು ತಿಂದ ತಲೆಗೆ ಗೊತ್ತಾಗುತ್ತೆ. ಡ್ರೈವರ್ (ಬಲ್ಬಿನೊಳಗೆ ಕರೆಂಟ್ ಹದ ಮಾಡೋ ಸರ್ಕ್ಯೂಟ್) ಸರಿಯಿಲ್ಲದ ಅಗ್ಗದ ಎಲ್‌ಇಡಿನೂ ಅಷ್ಟೇ. ಬಲ್ಬಿನ ಕೆಳಗೆ ಪೆನ್ಸಿಲ್ ಜೋರಾಗಿ ಆಡಿಸಿ: ಒಂದೇ ಮಸುಕಾಗಿ ಕಂಡ್ರೆ ಒಳ್ಳೇದು, ಬೀಸಣಿಗೆ ಕಡ್ಡಿ ಥರ ಬಿಡಿಬಿಡಿಯಾಗಿ ಕಂಡ್ರೆ ಮಿಣುಕ್ತಿದೆ. ಅಂಗಡೀಲೇ ಹಾಕಿಸಿ ನೋಡಿ ತಗೊಳ್ಳಿ. ಡಬ್ಬಿ ಮೇಲೆ 2700 ಅಥವಾ 3000 ಕೆ, ವಾರ್ಮ್ ವೈಟ್ ಅಂತಿರಬೇಕು. ಡಿಮ್ಮರ್ ಹಾಕಿಸಬೇಡಿ, ಎಷ್ಟೋ ಬಲ್ಬು ಅದರಲ್ಲಿ ಇನ್ನೂ ಮಿಣುಕುತ್ತೆ. ದೀಪನ ಮೂಲೇಲಿಟ್ಟು ಗೋಡೆ ಕಡೆ ತಿರುಗಿಸಿ.

ಇನ್ನೊಂದು, ಯಾರೂ ಗಮನಿಸಲ್ಲ. ದೀಪ ಫ್ಯಾನಿಗಿಂತ ಮೇಲಿದ್ರೆ ರೆಕ್ಕೆ ಬೆಳಕನ್ನ ಕತ್ತರಿಸ್ತಾ ಇರುತ್ತೆ. ಹಾಸಿಗೆ ಮೇಲೆ ನೆರಳು ಓಡ್ತಿದ್ಯಾ ನೋಡಿ.

ಮೊಬೈಲ್ ಸ್ಕ್ರೀನ್ ಒಎಲ್‌ಇಡಿ ಅನ್ನೋ ಥರದ್ದಾಗಿದ್ರೆ ಬ್ರೈಟ್‌ನೆಸ್ ತೀರಾ ಇಳಿಸಬೇಡಿ, ಎಷ್ಟೋ ಫೋನು ಆಗಲೇ ಜಾಸ್ತಿ ಮಿಣುಕೋದು. ಅರ್ಧಕ್ಕಿಟ್ಟು, ಸೆಟ್ಟಿಂಗ್ಸಲ್ಲಿ ಚಿತ್ರವನ್ನೇ ಮಂದ ಮಾಡೋ 'ಎಕ್ಸ್‌ಟ್ರಾ ಡಿಮ್' ಇದ್ರೆ ಆನ್ ಮಾಡಿ.

ಹರಿಹರದ_ಅಕ್ಕ:
ನೆರಳು ಓಡ್ತಿದೆ ಅಣ್ಣಾರೆ! ದೀಪ ಇವತ್ತೇ ಬದಲಾಯಿಸ್ತೀವಿ. ಬಸ್ಸಿಗೆ ಏನು ಮಾಡೋದು?

ದುರ್ಗದ_ಫಿಸಿಯೋ:
ಬೆಳಿಗ್ಗೆ ನೀವು ಹೋಗೋದು ಪೂರ್ವಕ್ಕೆ, ಸಂಜೆ ಬರೋದು ಪಶ್ಚಿಮಕ್ಕೆ. ಎರಡು ಸಲವೂ ಸೂರ್ಯ ಎದುರಿಗೇ. ಡ್ರೈವರ್ ಹಿಂದಿನ ಸೀಟು ಬೇಡ; ನಡುವಿನ ಸಾಲಲ್ಲಿ, ಕಿಟಕಿ ಬಿಟ್ಟು ಓಡಾಡೋ ಕಡೆ ಕೂರಲಿ. ಮರದ ಸಾಲು ಬಂದಾಗ ಬಿಸಿಲು ನೆರಳು ಪಟಪಟ ಬಡಿಯುತ್ತೆ, ರೆಪ್ಪೆ ಮುಚ್ಚಿದ್ರೂ ಅದು ಒಳಗೆ ಬರುತ್ತೆ, ಆಗ ಕಣ್ಣು ಮುಚ್ಚಿ ಅಂಗೈ ಅಡ್ಡ ಹಿಡೀಲಿ. ಮೊಬೈಲ್ ನೋಡೋದಂತೂ ಬೇಡ.

ಕಣ್ಣುಗಳು ಒಟ್ಟಿಗೆ ಒಳಕ್ಕೆ ತಿರುಗೋದು ಕೆಟ್ಟಿದ್ರೂ ಹಿಂಗೇ ತಲೆನೋವು ಬರುತ್ತೆ. ಪೆನ್ನಿನ ತುದಿ ನೋಡ್ತಾ ಮೂಗಿನ ಹತ್ರ ತರಲಿ. ಸುಮಾರು 6 ಸೆಂಟಿಮೀಟರಿಗಿಂತ ದೂರದಲ್ಲೇ ಎರಡಾಗಿ ಕಂಡ್ರೆ ಕಣ್ಣಿನ ಡಾಕ್ಟರಿಗೆ ಅದನ್ನೇ ಹೇಳಿ, ವ್ಯಾಯಾಮ ಕೊಡ್ತಾರೆ. ನೋವಿನ ಮಾತ್ರೆ ತಿಂಗಳಲ್ಲಿ 15 ದಿನ ಮುಟ್ಟಿದ್ರೆ ಮಾತ್ರೆಯಿಂದಲೇ ತಲೆನೋವು ಶುರುವಾಗಬಹುದು, ಕ್ಯಾಲೆಂಡರಲ್ಲಿ ಗುರುತು ಹಾಕಿ.

ಕಣ್ಣು ಕೆಂಪಾಗಿ ನೋವಿದ್ರೆ ಅವತ್ತೇ ಕಣ್ಣಿನ ಡಾಕ್ಟರಿಗೆ ತೋರಿಸಿ. ಒಂದು ಕಣ್ಣಿನ ಪಾಪೆ ದೊಡ್ಡದಾಗಿ ಕಂಡ್ರೆ, ಪದೇ ಪದೇ ವಾಂತಿ, ಮಂಪರು, ಫಿಟ್ಸ್, ಒಂದು ಕೈ ಸೋತಂಗಾದ್ರೆ ಹಳೇ ಸ್ಕ್ಯಾನ್ ನಂಬ್ಕೊಂಡು ಕೂರಬೇಡಿ, ರಾತ್ರಿಯಾದ್ರೂ ಸರಿ, ಎಮರ್ಜೆನ್ಸಿಗೆ ಕರ್ಕೊಂಡು ಹೋಗಿ.