ನಿರ್ಬಂಧವೋ, ಇಕ್ಕಟ್ಟೋ?

ಎಲ್ಲರಿಗೂ ನಮಸ್ಕಾರ.
ಒಂದು ಎಚ್‌ಆರ್ (ಮಾನವ ಸಂಪನ್ಮೂಲ) ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸಂಜೆಯೊಳಗೆ ಕೊಡಬೇಕು. ಕೆಲಸದ ಜಾಗದ ‘ಕನ್‌ಸ್ಟ್ರೇಂಟ್’ಗಳಿಗೆ ಎಐ ಪರಿಹಾರ ಎಂಬ ಸಾಲಿದೆ. ‘ಎಐ ನಿರ್ಬಂಧಗಳನ್ನು ಸಡಿಲಿಸುತ್ತದೆ’ ಎಂದು ಬರೆದೆ. ಓದಿದ ಗೆಳತಿ, ‘ಹಾಗಾದ್ರೆ ನಾಳೆಯಿಂದ ತಡವಾಗಿ ಬರಬಹುದಾ?’ ಎಂದಳು. ಬೇರೆ ಪದ ಇದ್ದರೆ ತಿಳಿಸಿ. ಎಐಗೆ ಪದ ಬೇಡ, ಹಾಗೇ ಬಿಡುತ್ತೇನೆ.

ಮರು:
ನಿಮ್ಮ ಗೆಳತಿ ಸರಿಯಾಗೇ ಹಿಡಿದಿದ್ದಾರೆ. ನಿರ್ಬಂಧ ಎಂದರೆ ಯಾರೋ ಹೇರಿದ್ದು. ಜನ ಸಾಲದು, ಸಮಯ ಸಾಲದು, ಒಂದು ಹುದ್ದೆಗೆ ರಾಶಿ ಅರ್ಜಿ. ಇದನ್ನು ಯಾರು ಹೇರಿದರು? ಇದು ಇಕ್ಕಟ್ಟು. ತಮಿಳಿನಲ್ಲೂ ಈ ಪದ ಇದೇ ಅರ್ಥದಲ್ಲಿದೆ. ‘ತೊಡಕು’ ಕೂಡ ಆದೀತು. ಹಳಗನ್ನಡದ ‘ತೊಡರ್’ ನೋಡಿ, ಕಾಲಿಗೆ ಸಿಕ್ಕಿಕೊಳ್ಳುವಂಥದ್ದು.
ಎಐಯನ್ನು ಹಾಗೇ ಬಿಡುವುದು ಮಾತ್ರ ಸೋಮಾರಿತನ. ‘ಮಾನವ ಸಂಪನ್ಮೂಲ’ವನ್ನೂ ತೆಗೆಯಿರಿ. ಮನುಷ್ಯರೇನು ಗಣಿಯಿಂದ ತೆಗೆದ ಅದಿರೇ? ನಮ್ಮದೇ ‘ಸಿಬ್ಬಂದಿ’ ಇದೆಯಲ್ಲ.

ಮರು:
ನಮ್ಮದೇ? ಸಿಬ್ಬಂದಿ ಪಾರಸಿಯ ‘ಸಿಹ್‌ಬಂದಿ’. ಹಿಂದೆ ಕಂದಾಯ ವಸೂಲಿಗೆ ಇಟ್ಟುಕೊಳ್ಳುತ್ತಿದ್ದ ಪಡೆ. ಅದು ಮೊನ್ನೆ ಬಂತು, ಎಐ ನಿನ್ನೆ ಬಂತು, ಅಷ್ಟೇ. ಎಐ ಇರಲಿ ಬಿಡಿ. ‘ಕೃತಕ ಬುದ್ಧಿಮತ್ತೆ’ ಎಂದರೆ ನನಗಂತೂ ಕೃತಕ ನಗುವೇ ನೆನಪಾಗುತ್ತದೆ.
ಇನ್ನೊಂದು. ಪೂರ್ತಿ ಪುಟ ನೋಡದೆ ಸುಮ್ನೆ ಪದ ಹಂಚಬಾರದು. ಶಿಫ್ಟ್ ಹಾಕುವ ತಂತ್ರಾಂಶದಲ್ಲಿ ಕನ್‌ಸ್ಟ್ರೇಂಟ್ ಎಂದರೆ ಷರತ್ತು. ವಾರದ ರಜೆ ತಪ್ಪಬಾರದು, ರಾತ್ರಿ ಪಾಳಿ ಮುಗಿಸಿದವರನ್ನು ಬೆಳಿಗ್ಗೆ ಮತ್ತೆ ಕರೆಯಬಾರದು, ಇಂಥವು. ಯಂತ್ರ ಅವನ್ನು ಪಾಲಿಸಬೇಕು, ಸಡಿಲಿಸಬಾರದು. ಅಲ್ಲಿ ‘ಇಕ್ಕಟ್ಟು’ ಹಾಕಿದರೆ ನಗೆಪಾಟಲು.
‘ನಿವಾರಿಸುತ್ತದೆ’ ಅಂತಲೂ ಬರೆಯಬೇಡಿ. ಅಮೆಜಾನ್ ತನ್ನ ಅರ್ಜಿ ಸೋಸುವ ಎಐಯನ್ನು ಕೈಬಿಟ್ಟ ಸುದ್ದಿ 2018ರಲ್ಲಿ ಬಂದಿತ್ತು. ಕಲಿಸಲು ಕೊಟ್ಟ ಹಳೆಯ ಅರ್ಜಿಗಳಲ್ಲಿ ಗಂಡಸರದೇ ಜಾಸ್ತಿ. ಅದು ಹೆಂಗಸರ ಅರ್ಜಿಗಳನ್ನು ಕೆಳಗೆ ತಳ್ಳುತ್ತಿತ್ತು. ‘ಕಡಿಮೆ ಮಾಡಬಹುದು’ ಸಾಕು.

ಮರು:
ಕ್ರಿಯಾಪದ ಒಪ್ಪಿದೆ. ‘ಷರತ್ತು’? ಅದು ಅರಬ್ಬಿ. ‘ಕಟ್ಟುಪಾಡು’ ಅನ್ನಲು ಏನು ಕಷ್ಟ?

ಮರು:
ಕಟ್ಟುಪಾಡು ಊರಿನದು, ಮನೆತನದ್ದು. ತಂತ್ರಾಂಶಕ್ಕಲ್ಲ.

ಮರು:
ಇಬ್ಬರಿಗೂ ಧನ್ಯವಾದ. ಶಿಫ್ಟ್ ವಿಷಯ ನಾಲ್ಕನೇ ಅಧ್ಯಾಯದಲ್ಲಿ ಇದ್ದೇ ಇದೆ, ಹೇಳಲು ಮರೆತೆ. ಅಲ್ಲಿ ‘ಷರತ್ತು’, ಉಳಿದ ಕಡೆ ‘ಇಕ್ಕಟ್ಟು’. ‘ಸಿಬ್ಬಂದಿ’ಯೂ ಇರಲಿ, ಪಾರಸಿ ಆದ್ರೂ ಪರವಾಗಿಲ್ಲ.

ಮರು:
ಆ ‘ಪರವಾ’ ಕೂಡ ಪಾರಸಿಯೇ.