ಕೆನ್ನೆಯ ಸ್ಮಿಯರ್‌ನಲ್ಲಿ ಬಾರ್ ಬಾಡಿ ಸರಿಯಾಗಿ ಕಾಣುತ್ತಿಲ್ಲ

ಪ್ರಾಕ್ಟಿಕಲ್_ಬ್ಯಾಚ್: ಬಾರ್ ಬಾಡಿ, ಅಂದರೆ ಮುಚ್ಚಿದ ಎಕ್ಸ್ ವರ್ಣತಂತು ಗಂಟಾಗಿ ಕಾಣುವ ಚುಕ್ಕೆ, ನೋಡಲು ಕೆನ್ನೆಯ ಒಳಭಾಗ ಕೆರೆದು ಸ್ಲೈಡ್‌ಗೆ ಹಚ್ಚಿದ ಸ್ಮಿಯರನ್ನು ಫ್ಯಾನ್ ಕೆಳಗೆ ಒಣಗಿಸಿ, 95% ಎಥನಾಲ್‌ನಲ್ಲಿ 15 ನಿಮಿಷ ಇಟ್ಟು, ನೇರವಾಗಿ 1% ಕ್ರೆಸಿಲ್ ವಯಲೆಟ್ ಬಣ್ಣ ಹಾಕಿದ್ದೇವೆ. ಇಡೀ ಕೋಶವೇ ನೇರಳೆ. ಹೆಣ್ಣಿನ ಸ್ಲೈಡ್‌ನಲ್ಲಿ 100 ಕೋಶಗಳಲ್ಲಿ 12ರಲ್ಲಿ ಮಾತ್ರ ಚುಕ್ಕೆ, ಗಂಡಿನದರಲ್ಲೂ 8ರಲ್ಲಿ! ಹೆಣ್ಣಿನ ಪ್ರತಿ ಕೋಶದಲ್ಲೂ ಒಂದು ಎಕ್ಸ್ ಮುಚ್ಚಿರಬೇಕಲ್ಲವೇ ಸರ್?

ಕೋಶದರ್ಶಿ: ಒಣಗಿಸಲೇಬೇಡಿ. ಒಣಗಿದರೆ ಕೋಶಕೇಂದ್ರದ ಕ್ರೊಮ್ಯಾಟಿನ್ (ಡಿಎನ್‌ಎ ಮತ್ತು ಪ್ರೋಟೀನ್‌ನ ಎಳೆಗಳು) ಮುದುಡಿ ಗಂಟುಗಂಟಾಗುತ್ತದೆ. ಬಾಯಿ ಮುಕ್ಕಳಿಸಿ, ಮೊದಲ ಕೆರೆತ ಎಸೆದು, ಅದೇ ಜಾಗದ ಎರಡನೇ ಕೆರೆತ ಹಚ್ಚಿ, ಹಸಿಯಾಗಿರುವಾಗಲೇ ಎಥನಾಲ್‌ಗೆ ಇಳಿಸಿ. 30 ನಿಮಿಷ ಇರಲಿ.

ನೀವು ಬಿಟ್ಟಿರುವುದು ಆಸಿಡ್ ಹಂತ. ಕ್ರೆಸಿಲ್ ವಯಲೆಟ್ ಆರ್‌ಎನ್‌ಎಯನ್ನೂ ಹಿಡಿಯುತ್ತದೆ. ಅದಕ್ಕೇ ಸೈಟೊಪ್ಲಾಸಂ (ಕೋಶಕೇಂದ್ರದ ಹೊರಗಿನ ಭಾಗ) ನೇರಳೆ, ಕೋಶಕೇಂದ್ರದೊಳಗಿನ ಆರ್‌ಎನ್‌ಎ ತುಂಬಿದ ನ್ಯೂಕ್ಲಿಯೋಲಸ್ ಚುಕ್ಕೆಯಂತೆ ಕಾಣುತ್ತದೆ. 5 ನಾರ್ಮಲ್ ಎಚ್‌ಸಿಎಲ್‌ನಲ್ಲಿ (ಹೈಡ್ರೋಕ್ಲೋರಿಕ್ ಆಸಿಡ್) ಕೋಣೆಯ ತಾಪದಲ್ಲೇ 20 ನಿಮಿಷ ಇಟ್ಟರೆ ಆರ್‌ಎನ್‌ಎ ಹೋಗುತ್ತದೆ. ಸುಮಾರು 42 ಮಿಲಿ ಸಾಂದ್ರ ಆಸಿಡನ್ನು 100 ಮಿಲಿ ಸಿಲಿಂಡರ್‌ನ ಅರ್ಧದಷ್ಟು ನೀರಿಗೆ ನಿಧಾನ ಸುರಿದು, 100 ಮಿಲಿಗೆ ಏರಿಸಿ. ಆಸಿಡ್ ಮೇಲೆ ನೀರು ಸುರಿಯಬಾರದು. ಚೆನ್ನಾಗಿ ತೊಳೆದು, ನಂತರ 5ರಿಂದ 10 ನಿಮಿಷ ಸ್ಟೇನ್.

ಗಂಡಿನ ಸ್ಲೈಡ್‌ನ ಚುಕ್ಕೆಗಳಲ್ಲಿ ಬಾಯಿಯ ಬ್ಯಾಕ್ಟೀರಿಯಾವೂ ಸೇರಿರಬಹುದು. ಫೈನ್ ಫೋಕಸ್ ತಿರುಗಿಸಿ: ಕೋಶಕೇಂದ್ರದ ಅಂಚು ಸ್ಪಷ್ಟವಾದಾಗ ಚುಕ್ಕೆ ಮಸುಕಾದರೆ ಅದು ಮೇಲೆ ಕುಳಿತದ್ದು. ಬಾರ್ ಬಾಡಿ ಸುಮಾರು 1 ಮೈಕ್ರಾನ್, ಅಂಚಿನ ಪೊರೆಗೆ ಚಪ್ಪಟೆಯಾಗಿ ಅಂಟಿ, ಒಳಗೆ ಉಬ್ಬಿರುತ್ತದೆ. ಗಂಡಿನ ಸ್ಲೈಡ್ ಸ್ವಚ್ಛವಾಗುವವರೆಗೆ ಹೆಣ್ಣಿನದನ್ನು ಎಣಿಸಬೇಡಿ.

ಪ್ರಾಕ್ಟಿಕಲ್_ಬ್ಯಾಚ್: ಆಗ 100ಕ್ಕೆ 100 ಸಿಗುತ್ತದೆಯೇ?

ವರ್ಣತಂತು: ಇಲ್ಲ. ಒಳ್ಳೆಯ ಸ್ಲೈಡ್‌ನಲ್ಲೂ ಸಾಮಾನ್ಯವಾಗಿ 20ರಿಂದ 50. ಎಕ್ಸ್ ಮುಚ್ಚಿರುವುದು ಬೇರೆ, ನಿಮ್ಮ ಕಣ್ಣಿಗೆ ಬೀಳುವುದು ಬೇರೆ. ಗಂಟು ಅಂಚಿಗೆ ಬರದೆ ಮೇಲ್ಮುಖವಾಗಿದ್ದರೆ ಉಳಿದ ಕ್ರೊಮ್ಯಾಟಿನ್‌ನಲ್ಲಿ ಕರಗಿಹೋಗುತ್ತದೆ.

ಭ್ರೂಣದ ಆರಂಭದಲ್ಲಿ ಪ್ರತಿ ಕೋಶದಲ್ಲೂ ಅಪ್ಪನ ಎಕ್ಸೋ ಅಮ್ಮನ ಎಕ್ಸೋ ಯಾದೃಚ್ಛಿಕವಾಗಿ ಮುಚ್ಚುತ್ತದೆ. ಮುಚ್ಚುವ ಎಕ್ಸ್‌ನಿಂದಲೇ ಎಕ್ಸ್‌ಐಎಸ್‌ಟಿ ಎಂಬ ಉದ್ದನೆಯ ಆರ್‌ಎನ್‌ಎ ಹೊರಬಂದು ಅದನ್ನೇ ಹೊದಿಯುತ್ತದೆ. ಆ ಕೋಶದ ಸಂತತಿಯೆಲ್ಲ ಅದೇ ಆಯ್ಕೆಯನ್ನು ಉಳಿಸಿಕೊಳ್ಳುತ್ತದೆ. ಆದರೂ ಪೂರ್ತಿ ಮೌನವಲ್ಲ; ಮನುಷ್ಯರಲ್ಲಿ ಕೆಲವು ಜೀನ್‌ಗಳು ಮುಚ್ಚಿದ ಎಕ್ಸ್‌ನಲ್ಲೂ ಕೆಲಸ ಮಾಡುತ್ತವೆ. ಎರಡು ಸೆಟ್ ವರ್ಣತಂತುಗಳಿರುವ ಕೋಶದಲ್ಲಿ ಬಾರ್ ಬಾಡಿಗಳ ಸಂಖ್ಯೆ ಎಕ್ಸ್‌ಗಳಿಗಿಂತ ಒಂದು ಕಡಿಮೆ: ಎಕ್ಸ್‌ಎಕ್ಸ್‌ವೈ ಇರುವ ಗಂಡಸಿನಲ್ಲಿ ಒಂದು, ಒಂದೇ ಎಕ್ಸ್ ಇರುವ ಟರ್ನರ್ ಮಹಿಳೆಯಲ್ಲಿ ಸೊನ್ನೆ.

ಕೋಶದರ್ಶಿ: ಅದಕ್ಕೇ ಸಹಪಾಠಿಗಳ ಸ್ಲೈಡ್‌ಗೆ ಹೆಸರು ಬರೆಯಬೇಡಿ, ಕೋಡ್ ಹಾಕಿ. 1968ರಿಂದ ಒಲಿಂಪಿಕ್ಸ್‌ನಲ್ಲಿ ಇದೇ ಪರೀಕ್ಷೆಯಿಂದ ಕ್ರೀಡಾಪಟುಗಳ ಹೆಣ್ತನ ಅಳೆದದ್ದು ದೊಡ್ಡ ಅನ್ಯಾಯ. ಅಸಹಜ ಎಣಿಕೆ ಬಂದರೆ ತರಗತಿಯಲ್ಲಿ ಹೇಳುವಂತಿಲ್ಲ. ರೋಗನಿರ್ಣಯಕ್ಕೆ ಕ್ಯಾರಿಯೋಟೈಪ್ (ವರ್ಣತಂತುಗಳನ್ನೇ ಎಣಿಸಿ ನೋಡುವ ಪರೀಕ್ಷೆ) ಬೇಕು.